ನೂರ ಅರವತ್ತರವರೆಗೆ

ಪಾಪಟೋಟೊಯಿ
ಆಕ್ಲೆಂಡ್
3 ಮಾರ್ಚ್ 2014

ಅಕ್ಕಾ,

ಈ ಕಾಗದ ಮೊದಲು ಭಾವನ ಕೈಗೆ ಸಿಗುತ್ತದೆ. ಅವರು ತಮ್ಮ ಅಂಚೆ ಕಚೇರಿಯಲ್ಲೇ ಸ್ಟಾಂಪು ನೋಡಿ, ತಂಗಿಯ ದೇಶದಲ್ಲಿ ಹಕ್ಕಿ ಬಿಟ್ಟರೆ ಬೇರೇನೂ ಇಲ್ಲವೇ ಎಂದು ನಕ್ಕು, ಸಂಜೆ ನಿನಗೆ ತಂದು ಕೊಡುತ್ತಾರೆ. ಭಾವ, ನಮಸ್ಕಾರ. ಒಡೆದು ಓದಬೇಡಿ.

ಹೋದ ಮಂಗಳವಾರ ಒಂದು ತಮಾಷೆಯಾಯಿತು. ಎಂಟು ಹತ್ತರ ರೈಲು ಹಿಡಿಯಲು ಸ್ಟೇಷನ್ನಿನ ಮೇಲ್ಸೇತುವೆ ಮೆಟ್ಟಿಲನ್ನು ಓಡಿ ಹತ್ತಿದೆ. ಮೇಲೆ ತಲುಪಿದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಯಾರೋ ಸಮೋವಾದ ಹೆಂಗಸು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಹಾಡು ಹೇಳುತ್ತಿದ್ದಾಳೆ. ರಾಘವ್ ಏರ್‌ಪೋರ್ಟಿನಿಂದ ಕೆಲಸದ ಬಟ್ಟೆಯಲ್ಲೇ ಓಡಿ ಬಂದ. ಡಾಕ್ಟರು ಇಸಿಜಿ ತೆಗೆದು ಸರಿಯಾಗಿದೆ ಎಂದರು. ಆದರೂ ದೊಡ್ಡಾಸ್ಪತ್ರೆಯ ಹೃದಯದ ಡಾಕ್ಟರಿಗೆ ಬರೆದುಕೊಟ್ಟಿದ್ದಾರೆ. ಇಲ್ಲಿ ಎಲ್ಲದಕ್ಕೂ ಹೀಗೇ, ಗಾಬರಿಯಾಗಬೇಡ.

ಒಂದು ಉದ್ದನೆಯ ಫಾರಂ ತುಂಬಿಸಿದರು. ಮನೆಯಲ್ಲಿ ನಲವತ್ತು ವರ್ಷದೊಳಗೆ ಯಾರಾದರೂ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದಾರಾ ಎಂದು ಕೇಳಿತ್ತು. ಇಲ್ಲ ಎಂದು ಬರೆದೆ.

ಈ ವರ್ಷವಾದರೂ ಬಾರೇ. ಹದಿನಾಲ್ಕು ವರ್ಷದಿಂದ ಕರೆಯುತ್ತಿದ್ದೇನೆ. ಫೋನಿಗೆ ಹಿಡಿದರೆ ನಿನ್ನ ಕಿವಿಯ ಯಂತ್ರ ಕೀಂ ಅನ್ನುತ್ತದೆ, ಕಂಪ್ಯೂಟರಿನಲ್ಲಿ ಮುಖ ತೋರಿಸು ಎಂದರೆ ನೀನು ಎದ್ದು ಹೋಗುತ್ತೀಯ. ಕಾಗದ ಮಡಿಸಿ ಮಡಿಸಿ ಸಾಕಾಯಿತು.

ತೇಜು


ಮೈಸೂರು
19 ಮಾರ್ಚ್ 2014

ತೇಜು,

ಭಾವ ಒಡೆದಿರಲಿಲ್ಲ. ಕವರನ್ನು ಬೆಳಕಿಗೆ ಹಿಡಿದು ನೋಡಿದ್ದಾರೆ, ಅಷ್ಟು ನನಗೆ ಗೊತ್ತು.

ಬೆಳಿಗ್ಗೆ ಏನು ತಿಂದು ಹೊರಟಿದ್ದೆ ಎಂದು ಯಾಕೆ ಬರೆದಿಲ್ಲ? ಅದೇ, ತಣ್ಣನೆ ಹಾಲಿಗೆ ಹಾಕಿಕೊಳ್ಳುವ ಒಣ ಹೊಟ್ಟು ತಾನೇ? ಹೊಟ್ಟೆಗೆ ಅನ್ನ ಕಾಣದೆ ಪಿತ್ತ ತಲೆಗೇರಿದೆ, ಇನ್ನೇನು. ಜೀರಿಗೆ, ಕೊತ್ತಂಬರಿ ಹುರಿದು ಪುಡಿ ಮಾಡಿ ಕಳಿಸಿದ್ದೇನೆ. ಎರಡು ಹೊತ್ತು ಕಷಾಯ ಮಾಡಿ ಕುಡಿ. ಭಾವ ಪೊಟ್ಟಣವನ್ನು ಎರಡು ಸಲ ತೂಗಿ, ಹತ್ತು ಗ್ರಾಂ ತೆಗಿ ಎಂದು ಜಗಳ ಮಾಡಿದರು.

ರೈಲು ಹೋದರೆ ಇನ್ನೊಂದು ಬರುತ್ತದೆ. ಓಡಬೇಡ. ಓಡುವಾಗ ಎದೆ ಹಿಡಿದುಕೊಂಡ ಹಾಗೆ ಆಗಿತ್ತಾ? ಆಗಿದ್ದರೆ ಬರಿ.

ಫಾರಂನಲ್ಲಿ ಇಲ್ಲ ಎಂದು ಬರೆದದ್ದು ಸರಿಯಾಯಿತು.

ಬರುವ ಮಾತು ಈಗ ಬೇಡ. ಮದುವೆಯ ಕಾಲ, ನಲವತ್ತು ಬ್ಲೌಸು ಹೊಲಿಯಲು ಕೂತಿವೆ. ಲೀಲಾವತಿಯ ಮಗಳದ್ದೇ ಏಳು, ಏಳಕ್ಕೂ ಬೇರೆ ಬೇರೆ ಕತ್ತು ಬೇಕಂತೆ. ಸ್ಮೃತಿಯ ಲಂಗದ ಅಳತೆ ಕಳಿಸು. ಹನ್ನೆರಡು ತುಂಬಿತಲ್ಲ ನಿನ್ನ ಮಗಳಿಗೆ, ಎತ್ತರವಾಗಿರುತ್ತಾಳೆ.

ಅಂಬುಜಾ


ಪಾಪಟೋಟೊಯಿ
7 ಏಪ್ರಿಲ್ 2014

ಅಕ್ಕಾ,

ಎದೆ ಹಿಡಿದುಕೊಂಡ ಹಾಗೆ ಆಗಿತ್ತು. ಅದನ್ನು ನಾನು ರಾಘವ್‌ಗೂ ಹೇಳಿರಲಿಲ್ಲ. ನಿನಗೆ ಹೇಗೆ ಹೊಳೆಯಿತು?

ಪಿತ್ತ ಅಲ್ಲ ಅಕ್ಕ. ಕೈಗೆ ಸೂಜಿ ಚುಚ್ಚಿ ಬಣ್ಣದ ಔಷಧ ಬಿಟ್ಟು, ಬಳೆಯ ಹಾಗಿರುವ ದೊಡ್ಡ ಯಂತ್ರದೊಳಗೆ ಮಲಗಿಸಿದರು. ಔಷಧ ಹೋಗುವಾಗ ಮೈಯೆಲ್ಲಾ ಬೆಚ್ಚಗಾಯಿತು. ಯಂತ್ರದೊಳಗಿಂದ ಒಂದು ಧ್ವನಿ ಉಸಿರು ಹಿಡಿಯಿರಿ, ಹಿಡಿದೇ ಇರಿ, ಈಗ ಬಿಡಿ ಎನ್ನುತ್ತದೆ. ಚಿಕ್ಕವಳಿದ್ದಾಗ ಯಾರೋ ಹೀಗೆ ಉಸಿರು ಹಿಡಿಯುವ ಆಟ ಆಡುತ್ತಿದ್ದರು ಎಂದು ಸುಮ್ಮನೆ ನೆನಪಾಯಿತು. ಯಾರೆಂದು ಹೊಳೆಯಲಿಲ್ಲ.

ಹೃದಯಕ್ಕೇ ರಕ್ತ ಕೊಡುವ ಎರಡು ನಾಳಗಳಿವೆಯಂತೆ. ಎಡಕ್ಕೆ ಹುಟ್ಟಬೇಕಾದ್ದು ನನಗೆ ಬಲಗಡೆ ಹುಟ್ಟಿದೆ. ಹುಟ್ಟಿದಾಗಿನಿಂದ ಹೀಗೇ. ಅದು ಎಡಕ್ಕೆ ಹೋಗಲು ಎರಡು ದೊಡ್ಡ ನಾಳಗಳ ಸಂದಿನಲ್ಲಿ ನುಸುಳಿದೆ. ಓಡಿದಾಗ ಆ ದೊಡ್ಡವು ಉಬ್ಬಿ ಇದನ್ನು ಅದುಮುತ್ತವೆ, ಬಾಗಿಲ ಸಂದಿಗೆ ಸಿಕ್ಕಿದ ನೀರಿನ ಪೈಪಿನ ಹಾಗೆ. ಮಾತ್ರೆಯಿಂದ ಸರಿಹೋಗುವುದಲ್ಲ. ಎದೆ ತೆರೆದು ಆಪರೇಷನ್ ಮಾಡಬೇಕು. ಬರೆದುಬಿಟ್ಟೆ ನೋಡು. ಎರಡು ದಿನದಿಂದ ಹೇಗೆ ಬರೆಯಲಿ ಎಂದು ಕೂತಿದ್ದೆ.

ಡಾಕ್ಟರಮ್ಮ ನನ್ನ ಫಾರಂ ಇಟ್ಟುಕೊಂಡು ಮತ್ತೆ ಕೇಳಿದರು: ಯಾರಾದರೂ ಅಪಘಾತ ಎಂದು ಸತ್ತವರಿದ್ದಾರಾ, ಗಾಡಿ ಓಡಿಸುವಾಗ, ನೀರಿನಲ್ಲಿ? ಆಗ ಅಣ್ಣನ ನೆನಪಾಯಿತು. ಹದಿನೇಳು ವರ್ಷ, ಕಪಿಲೆಯಲ್ಲಿ ಮುಳುಗಿದ, ಈಜು ಬರುತ್ತಿರಲಿಲ್ಲ ಎಂದೆ. ಈಜು ಬಾರದಿದ್ದರೆ ಅದು ಬೇರೆ ಮಾತು, ಆದರೆ ಖಚಿತ ಮಾಡಿಕೊಳ್ಳಿ ಎಂದರು. ಈಜು ಬಲ್ಲವನು ನೀರಿನಲ್ಲಿ ಹೋಗಿದ್ದರೆ ಅದು ಹೃದಯ ನಿಂತು ಆಗಿರಬಹುದು. ಇದು ಸಾಮಾನ್ಯವಾಗಿ ಮನೆತನದಲ್ಲಿ ಬರುವುದಿಲ್ಲ, ಅಪರೂಪಕ್ಕೆ ಬರುತ್ತದೆ. ಅಣ್ಣನಿಗೂ ಇತ್ತು ಎಂಬ ಅನುಮಾನವಿದ್ದರೆ ಸ್ಮೃತಿಯನ್ನು ಬೇಗ ನೋಡಬೇಕಂತೆ.

ಆಗ ನನಗೆ ಐದು ವರ್ಷ. ನಿನಗೆ ಹದಿನೈದು. ಅಪ್ಪ ಅಮ್ಮ ಇಲ್ಲ. ನಿನ್ನನ್ನೇ ಕೇಳಬೇಕು. ಅಣ್ಣನಿಗೆ ಈಜು ಬರುತ್ತಿತ್ತಾ?

ತೇಜು


ಮೈಸೂರು
24 ಏಪ್ರಿಲ್ 2014

ಪ್ರೀತಿಯ ತೇಜು,

ಎದೆ ತೆರೆಯುವ ಮಾತು ಓದಿ ಮೂರು ದಿನ ಮಷೀನು ಮುಟ್ಟಲಿಲ್ಲ. ಭಾವ ನಿಮ್ಮ ಡಾಕ್ಟರು ಹೇಳಿದ್ದನ್ನು ಇಲ್ಲಿ ಅವರಿಗೆ ಗೊತ್ತಿರುವ ಡಾಕ್ಟರಿಗೆ ತೋರಿಸಿದರು. ಅಲ್ಲಿಯವರು ಸರಿಯಾಗಿ ಹಿಡಿದಿದ್ದಾರೆ, ತಡ ಮಾಡಬೇಡಿ ಎಂದರಂತೆ. ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದೇನೆ. ಹರಕೆ ತೀರಿಸಲು ಭಾವ ಹೋಗುತ್ತಾರೆ.

ಮಾವಿನ ಮಿಡಿ ಈ ಸಲ ಚೆನ್ನಾಗಿ ಬಂದಿದೆ. ಉಪ್ಪಿಗೆ ಹಾಕಿದ್ದೇನೆ. ನಿಮ್ಮ ದೇಶದಲ್ಲಿ ಏರ್‌ಪೋರ್ಟಿನಲ್ಲೇ ಕಸದ ಬುಟ್ಟಿಗೆ ಹಾಕುತ್ತಾರೆ ಎನ್ನುತ್ತೀಯ, ಇಲ್ಲದಿದ್ದರೆ ಯಾರ ಕೈಯಲ್ಲಾದರೂ ಕಳಿಸುತ್ತಿದ್ದೆ. ಲೀಲಾವತಿಯ ಮಗಳ ಮದುವೆ ಮುಗಿಯಿತು. ಏಳರಲ್ಲಿ ಎರಡು ಬಿಗಿಯಾದವಂತೆ. ತಿಂದದ್ದು ಯಾರು, ನಾನಾ?

ನೀನು ಕೇಳಿದ್ದು. ಬರುತ್ತಿರಲಿಲ್ಲ. ಹಾಗೆಯೇ ಬರೆಸು.

ಎದೆಯ ಮೇಲೆ ಗಾಯ ಇರುವಾಗ ಮುಂದೆ ಗುಂಡಿ ಇರುವ ಸಡಿಲ ಅಂಗಿ ಬೇಕಾಗುತ್ತದೆ. ಹತ್ತಿಯದು ನಾಲ್ಕು ಹೊಲಿದು ಕಳಿಸುತ್ತೇನೆ.

ಅಂಬುಜಾ


ಪಾಪಟೋಟೊಯಿ
12 ಮೇ 2014

ಅಕ್ಕ,

ಅಂಗಿಗಳು ಬಂದವು. ಅಳತೆ ಕೇಳದೆಯೇ ಸರಿಯಾಗಿವೆ.

ಅಮ್ಮನ ಟ್ರಂಕಿನಲ್ಲಿ ಸಿಕ್ಕ ಹಿತ್ತಾಳೆ ಬಟ್ಟಲು ನೆನಪಿದೆಯಾ? ಅಮ್ಮ ತೀರಿಕೊಂಡ ವರ್ಷ ಅದನ್ನು ಇಲ್ಲಿಗೆ ತಂದುಕೊಂಡೆ, ಆರು ವರ್ಷದಿಂದ ಅದರಲ್ಲಿ ಸಾಸಿವೆ ಇಟ್ಟುಕೊಂಡಿದ್ದೇನೆ. ಅಪ್ಪನದು ಅಂದುಕೊಂಡಿದ್ದೆ. ನಿನ್ನೆ ಸಾಸಿವೆ ಖಾಲಿಯಾಯಿತೆಂದು ಹುಣಸೇಹಣ್ಣು ಹಾಕಿ ತಿಕ್ಕಿ, ಬೋರಲು ಹಾಕಿದೆ. ಅಡಿಯಲ್ಲಿ ಅಣ್ಣನ ಹೆಸರು ಕೊರೆದಿದೆ: ಎನ್. ಬದರಿನಾಥ್, ಈಜು, ಪ್ರಥಮ, 1979.

ನನಗೆ ಯಾಕೆ ಸುಳ್ಳು ಹೇಳಿದೆ?

ನಾನೂ ಒಂದು ವಿಷಯ ನಿನಗೆ ಬರೆದಿರಲಿಲ್ಲ. ನೀರೆಂದರೆ ನಿನಗೆ ಆಗುವುದಿಲ್ಲ, ಅಪ್ಪನ ಅಸ್ಥಿ ಬಿಡುವಾಗಲೂ ನೀನು ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದೆ, ಅದಕ್ಕೇ ಬರೆದಿರಲಿಲ್ಲ. ಸ್ಮೃತಿ ಶಾಲೆಯ ಈಜು ತಂಡದಲ್ಲಿದ್ದಾಳೆ. ಪ್ರತಿ ಶನಿವಾರ ಎರಡು ಗಂಟೆ ಈಜುತ್ತಾಳೆ. ನಿನ್ನ ಮಾತು ನಂಬಿ ಹೋದ ಶನಿವಾರವೂ ಕಳಿಸಿದೆ.

ನಿನ್ನ ಪುಡಿ, ಅಂಗಿ, ಹರಕೆ ಯಾವುದೂ ನನಗೆ ಬೇಡ ಅಕ್ಕ. ನನಗೆ ಯಾವತ್ತೂ ಬೇಕಾದ್ದು ನೀನು. ನನ್ನ ಮದುವೆಯ ಮುಹೂರ್ತದಲ್ಲಿ ನೀನು ಅಡಿಗೆ ಮನೆಯಲ್ಲಿದ್ದೆ. ನಾನು ವಿಮಾನ ಹತ್ತುವ ದಿನ ನಿನಗೆ ತಲೆನೋವು. ಸ್ಮೃತಿ ಹುಟ್ಟಿದಾಗ ಅಮ್ಮನಿಗೆ ಕೈಲಾಗುತ್ತಿರಲಿಲ್ಲ, ಬಾಣಂತನಕ್ಕೆ ಬಾ ಎಂದು ಅತ್ತುಕೊಂಡು ಬರೆದೆ. ನೀನು ಒಣಕೊಬ್ಬರಿ ಮತ್ತು ಲೇಹ್ಯ ಕಳಿಸಿದೆ. ನಾನು ಆ ಲೇಹ್ಯ ತಿನ್ನಲಿಲ್ಲ, ಇವತ್ತು ಹೇಳುತ್ತಿದ್ದೇನೆ.

ಆಗಸ್ಟ್ ಆರಕ್ಕೆ ಆಪರೇಷನ್. ಬರಲಿಲ್ಲವೆಂದರೆ ಬೇಡ. ನಿಜವನ್ನಾದರೂ ಬರಿ.

ತೇಜಸ್ವಿನಿ


ಮೈಸೂರು
28 ಮೇ 2014

ತೇಜು,

ಇದು ತಲುಪುವ ಮೊದಲೇ ಭಾವ ರಾಘವ್‌ಗೆ ಫೋನ್ ಮಾಡಿರುತ್ತಾರೆ. ಮಗುವನ್ನು ನೀರಿಗೆ ಬಿಡಬೇಡಿ, ಬದರಿಗೆ ಈಜು ಬರುತ್ತಿತ್ತು, ಅಷ್ಟನ್ನು ಡಾಕ್ಟರಿಗೆ ಹೇಳಿ ಎಂದು. ಉಳಿದದ್ದನ್ನು ನಾನೇ ಬರೆಯಬೇಕು. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದರೂ ಭಾವನಿಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ.

ಬರುತ್ತಿತ್ತು ಕಣೇ. ನಂಜನಗೂಡಿನಲ್ಲಿ ಅವನ ಹಾಗೆ ಈಜುವವರು ಇನ್ನೊಬ್ಬರಿರಲಿಲ್ಲ. ನಿನಗೆ ನೆನಪಾದ ಉಸಿರಿನ ಆಟ ಅವನದೇ. ಅವನು ಮುಳುಗುವುದು, ನಾನು ಮೆಟ್ಟಿಲ ಮೇಲೆ ಕೂತು ಎಣಿಸುವುದು. ನೂರಾಹತ್ತು ಅವನ ದಾಖಲೆ. ಎಣಿಸುವ ಕೆಲಸ ಅವನು ಇನ್ಯಾರಿಗೂ ಕೊಡುತ್ತಿರಲಿಲ್ಲ, ಅಂಬು ಮೋಸ ಮಾಡಲ್ಲ ಎನ್ನುತ್ತಿದ್ದ.

ಅವತ್ತು ಭಾನುವಾರ. ಅವನು ಆಚೆ ದಡಕ್ಕೆ ಹೋಗಿ ಬಂದು ಮೆಟ್ಟಿಲ ಮೇಲೆ ಕೂತ. "ಅಂಬು, ಯಾಕೋ ಎದೆ ಹಿಡ್ಕೊಂಡಂಗಿದೆ ಕಣೇ" ಅಂದ. ಮುಖ ಬೆಳ್ಳಗಾಗಿತ್ತು. ನಾನು ನೋಡಿದೆ, ತೇಜು. ಬೆಳ್ಳಗಾಗಿದ್ದು ನೋಡಿದೆ. "ನೆಪ ತೆಗೀಬೇಡ, ನೂರಾಹತ್ತೇ ನಿನ್ ಕೈಲಾಗೋದು ಅನ್ನು" ಅಂದೆ. ಅವನು ನಕ್ಕ. ಇನ್ನೊಂದು ಸುತ್ತು ಈಜಿ ಬಂದು, ನನಗೆ ಕೈ ತೋರಿಸಿ ಮುಳುಗಿದ.

ನಾನು ಎಣಿಸಿದೆ. ನೀನು ಪಕ್ಕದಲ್ಲಿ ಕಡ್ಲೆಪುರಿ ತಿನ್ನುತ್ತಾ ನನ್ನ ಜೊತೆ ಎಣಿಸುತ್ತಿದ್ದೆ. ನಿನಗೆ ಇಪ್ಪತ್ತರ ಮೇಲೆ ಬರುತ್ತಿರಲಿಲ್ಲ, ಇಪ್ಪತ್ತಾದ ಕೂಡಲೇ ಮತ್ತೆ ಒಂದು ಎನ್ನುತ್ತಿದ್ದೆ. ನೂರಾಹತ್ತು ದಾಟಿತು. ನೂರ ಮೂವತ್ತಕ್ಕೆ ನಾನು ಚಪ್ಪಾಳೆ ತಟ್ಟಿದೆ. ಸಾಯಂಕಾಲ ಅಪ್ಪನಿಗೆ ಹೇಳಬೇಕು ಎಂದು ಹಿಗ್ಗುತ್ತಿದ್ದೆ. ನೂರ ಅರವತ್ತರವರೆಗೆ ಎಣಿಸಿದೆ. ಅಷ್ಟೂ ಹೊತ್ತು ಅವನ ಜೀವ ಹೋಗುತ್ತಿತ್ತು, ನಾನು ನೋಡುತ್ತಾ ಕೂತು ಎಣಿಸುತ್ತಿದ್ದೆ.

ಈಜು ಬಾರದೆ ಹೋದ ಎಂದು ಅಪ್ಪ ನಿನಗೆ ಹೇಳಿದ್ದು ನೀನು ನದಿಗೆ ಇಳಿಯದಿರಲಿ ಎಂದು. ಆ ಮಾತು ನನಗೆ ಅನುಕೂಲವಾಯಿತು. ಎದೆ ಹಿಡಿದಿದೆ ಎಂದು ಅವನು ಹೇಳಿದ್ದನ್ನು ನಾನು ಅಮ್ಮನಿಗೂ ಹೇಳಲಿಲ್ಲ.

ಅವತ್ತಿನಿಂದ ನಾನು ನನ್ನವರನ್ನು ನಿಂತು ನೋಡುವುದಿಲ್ಲ. ನನ್ನ ಕಣ್ಣು ಒಳ್ಳೆಯದಲ್ಲ ಎಂದು ಮನಸ್ಸಿಗೆ ಬಂದುಬಿಟ್ಟಿದೆ. ನಿನ್ನ ತಾಳಿ ಕಟ್ಟುವುದನ್ನು ನೋಡಲಿಲ್ಲ. ನೀನು ವಿಮಾನ ಹತ್ತುವುದನ್ನು ನೋಡಲಿಲ್ಲ, ವಿಮಾನ ನೀರಿನ ಮೇಲೆ ಹೋಗುತ್ತದೆ ಎಂದು ಆ ರಾತ್ರಿಯೆಲ್ಲಾ ದೇವರ ಮುಂದೆ ಕೂತಿದ್ದೆ. ಹೆರಿಗೆಗೆ ಬಂದು ನಿನ್ನ ಪಕ್ಕ ನಿಂತರೆ ಏನಾಗುತ್ತದೋ ಎಂದು ಬರಲಿಲ್ಲ. ಲೇಹ್ಯ ಮಾಡುವಾಗ ಅತ್ತಿದ್ದೇನೆ. ತಿನ್ನದೇ ಇದ್ದದ್ದು ಒಳ್ಳೆಯದಾಯಿತು, ಉಪ್ಪಾಗಿರುತ್ತಿತ್ತು.

ಬಟ್ಟಲನ್ನು ಒಲೆಯ ಹತ್ತಿರ ಇಡಬೇಡ, ಕಪ್ಪಾಗುತ್ತದೆ.

ನಿನ್ನ ಅಕ್ಕ


ಪಾಪಟೋಟೊಯಿ
14 ಜೂನ್ 2014

ಅಕ್ಕಾ,

ಸ್ಮೃತಿಯನ್ನು ಎರಡು ಸಲ ನೋಡಿದರು. ಅವಳ ನಾಳಗಳು ಎಲ್ಲಿರಬೇಕೋ ಅಲ್ಲೇ ಇವೆ. ಈಜಬಹುದು ಎಂದರು. ಅದನ್ನು ಮೊದಲು ಬರೆದೆ, ಈಗ ಉಸಿರು ಬಿಡು.

ನಿನ್ನ ಕಾಗದವನ್ನು ಕಾರಿನಲ್ಲಿ ಕೂತು ಓದಿದೆ. ಓದಿ ಅಲ್ಲೇ ಅತ್ತೆ. ತರಕಾರಿ ಅಂಗಡಿಯ ಪಟೇಲ್ ಅಂಕಲ್ ಬಂದು ಕಿಟಕಿ ತಟ್ಟಿದರು. ಅಣ್ಣನಿಗೆ ಅತ್ತೆನೋ, ಹದಿನೈದು ವರ್ಷದ ಹುಡುಗಿಗೆ ಅತ್ತೆನೋ ನನಗೇ ಗೊತ್ತಿಲ್ಲ. ಹನ್ನೆರಡು ವರ್ಷ ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆನಲ್ಲ, ಅದಕ್ಕೂ ಸ್ವಲ್ಪ ಅತ್ತೆ.

ಡಾಕ್ಟರಮ್ಮನಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಎದೆ ಹಿಡಿದದ್ದು, ಮುಖ ಬೆಳ್ಳಗಾದದ್ದು, ನೂರ ಅರವತ್ತು. ಅವರು ಪೆನ್ನು ಕೆಳಗಿಟ್ಟರು. ನಿಮ್ಮಣ್ಣನಿಗೂ ಇದೇ ಇತ್ತು ಎಂದು ಈಗ ಯಾರೂ ಸಾಬೀತು ಮಾಡಲಾರರು, ಆದರೆ ನಿಮಗೆ ಇದ್ದು, ಅವನು ಹಾಗೆ ಹೋಗಿದ್ದರೆ, ನಾನು ಹಾಗೆಂದೇ ತಿಳಿಯುತ್ತೇನೆ ಎಂದರು. ಹಾಗಾಗಿದ್ದರೆ ನೀರಿನೊಳಗೆ ಉಸಿರು ಕಟ್ಟುವ ಮೊದಲೇ ಅವನಿಗೆ ಪ್ರಜ್ಞೆ ತಪ್ಪಿರುತ್ತದಂತೆ. ಆಮೇಲೆ ಕೇಳಿದರು, ಆ ಹುಡುಗಿ ಈಗ ಎಲ್ಲಿದ್ದಾಳೆ ಎಂದು. ಮೈಸೂರಿನಲ್ಲಿ ಬ್ಲೌಸು ಹೊಲಿಯುತ್ತಾಳೆ ಎಂದೆ. ಮುಖ ನೋಡಿ ಆ ಕಾಯಿಲೆ ಹೇಳಲು ಆಗ ಡಾಕ್ಟರಿಗೂ ಆಗುತ್ತಿರಲಿಲ್ಲ, ಅವಳಿಗೆ ಹೇಳಿ ಎಂದರು. ಹೇಳಿದ್ದೇನೆ. ನೀನೂ ಒಂದು ಸಲ ನೋಡಿಸಿಕೊಳ್ಳಬೇಕಂತೆ.

ಈಗ ನನ್ನ ಮಾತು. ನಿನ್ನ ಕಣ್ಣು ಒಳ್ಳೆಯದಲ್ಲ ಎಂದೆಯಲ್ಲ. ಆ ಮೆಟ್ಟಿಲ ಮೇಲೆ ಇನ್ನೊಬ್ಬಳೂ ಇದ್ದಳು. ಅವಳನ್ನೂ ನೀನೇ ನೋಡಿಕೊಳ್ಳುತ್ತಿದ್ದೆ. ನನಗೆ ನೆನಪಿರುವುದು ಇಷ್ಟೇ: ಒದ್ದೆ ಕಡ್ಲೆಪುರಿ, ಯಾರೋ ನನ್ನನ್ನು ಎದೆಗೆ ಅವುಚಿಕೊಂಡು ಮನೆಯವರೆಗೆ ಓಡಿದ್ದು. ಅದು ನೀನಲ್ಲದೆ ಇನ್ಯಾರು?

ನನಗೆ ಭಯವಾಗುತ್ತಿದೆ ಅಕ್ಕ. ರಾಘವ್ ಎದುರಿಗೆ ನಗುತ್ತಾ ಓಡಾಡುತ್ತೇನೆ. ಆರನೆಯ ತಾರೀಖು ನನ್ನ ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಮತ್ತೆ ಶುರುವಾಗುವಾಗ ನೀನು ನೋಡುತ್ತಿರಬೇಕು. ಬಾ.

ತೇಜು


ಮೈಸೂರು
2 ಜುಲೈ 2014

ತೇಜು,

ನನ್ನನ್ನೂ ಯಂತ್ರದೊಳಗೆ ಹಾಕಿದರು. ನನ್ನದು ಸರಿಯಾಗಿದೆಯಂತೆ. ಮೂವರಲ್ಲಿ ನನಗೇ ಯಾಕೆ ಸರಿಯಾಗಿರಬೇಕು ಎಂದು ಭಾವನ ಹತ್ತಿರ ಜಗಳ ಮಾಡಿದೆ. ಅವರು ಪಾಪ, ಹೋಗಿ ಕಾಫಿ ಮಾಡಿಕೊಂಡು ಬಂದರು.

ನಿನ್ನ ಮೇ ತಿಂಗಳ ಕಾಗದ ಬಂದಾಗಲೇ ಭಾವ ನನ್ನ ಪಾಸ್‌ಪೋರ್ಟಿಗೆ ಹಾಕಿದ್ದರು, ನನಗೆ ಹೇಳದೆ. ಸೊಸೈಟಿಗೆ ಬೇಕು ಎಂದು ಫೋಟೋ ತೆಗೆಸಿದ್ದರು. ಬೆರಳಚ್ಚಿಗೆ ಕರೆದುಕೊಂಡು ಹೋದಾಗಲೇ ನನಗೆ ಗೊತ್ತಾದದ್ದು. ಈಗ ವೀಸಾಕ್ಕೆ ಹೋಗಿದೆ.

ಬರುತ್ತೇನೆ ಎಂದು ಮಾತು ಕೊಡುವುದಿಲ್ಲ. ನಿನ್ನೆ ನಂಜನಗೂಡಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ನದಿಯವರೆಗೆ ನಡೆದೆ. ಮೆಟ್ಟಿಲು ಇಳಿಯಲಾಗಲಿಲ್ಲ. ಮೇಲಿನಿಂದ ನೋಡಿದೆ. ಮೂವತ್ತನಾಲ್ಕು ವರ್ಷದ ಮೇಲೆ ಅಷ್ಟು ಆಯಿತು.

ಅವನನ್ನು ನೋಡಬೇಕು ಅನ್ನಿಸಿತು ಕಣೇ. ನಿನ್ನನ್ನೂ.

ಅಂಬುಜಾ


ಆಕ್ಲೆಂಡ್, ಆಸ್ಪತ್ರೆ
7 ಆಗಸ್ಟ್ 2014, ಮಧ್ಯಾಹ್ನ ಮೂರು

ತೇಜು,

ಎದುರಿಗೇ ಕೂತು ಕಾಗದ ಬರೆಯುವುದು ಇದೇ ಮೊದಲು. ನೀನು ಮಲಗಿದ್ದೀಯ. ಕಾಗದ ತಂದಿರಲಿಲ್ಲ, ನಿನ್ನ ಊಟದ ಪಟ್ಟಿಯ ಹಿಂದೆ ಬರೆಯುತ್ತಿದ್ದೇನೆ. ನಾಳೆ ಏನು ತಿನ್ನುತ್ತೀಯ ಎಂದು ಗುರುತು ಹಾಕಬೇಕಿತ್ತಂತೆ. ಮೊಸರು ಎಂದಿದ್ದಕ್ಕೆ ಹಾಕಿದ್ದೇನೆ, ಉಳಿದದ್ದು ನನಗೆ ಅರ್ಥವಾಗಲಿಲ್ಲ.

ಮೊನ್ನೆ ಏರ್‌ಪೋರ್ಟಿನಲ್ಲಿ ನಿನ್ನನ್ನು ಸರಿಯಾಗಿ ನೋಡಲಿಲ್ಲ. ನೀನು ಅಪ್ಪಿಕೊಂಡಾಗ ಕಣ್ಣು ಮುಚ್ಚಿಕೊಂಡಿದ್ದೆ. ನಿನಗೆ ಗೊತ್ತಾಗಿದೆ. ನಿನ್ನೆ ನಿನ್ನನ್ನು ತಳ್ಳಿಕೊಂಡು ಹೋಗುವಾಗಲೂ ನಾನು ಗೋಡೆ ಕಡೆ ತಿರುಗಿದ್ದೆ. ಸ್ಮೃತಿ ನನ್ನ ಕೈ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಾ ಇದ್ದಳು. ಕಿವಿಯ ಯಂತ್ರವಿದ್ದರೂ ನನಗೆ ಕೇಳುವುದಿಲ್ಲ, ಕೇಳಿದರೂ ತಿಳಿಯುವುದಿಲ್ಲ. ಐದು ಗಂಟೆ ಹೊತ್ತು ಇಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿತು. ಅವಳ ಕೈಬೆರಳು ಬದರಿಯದ್ದು. ನೀನು ಯಾಕೆ ಇದನ್ನು ಒಮ್ಮೆಯೂ ಬರೆಯಲಿಲ್ಲ? ನಿನಗೆ ಅವನ ಬೆರಳು ಗೊತ್ತಿಲ್ಲ, ಸರಿ.

ಸಂದಿನಲ್ಲಿ ಸಿಕ್ಕಿದ್ದ ನಾಳಕ್ಕೆ ದಾರಿ ಅಗಲ ಮಾಡಿದ್ದಾರಂತೆ. ರಾಘವ್ ಬರೆದು ತೋರಿಸಿದ. ಹೃದಯ ತಾನಾಗಿಯೇ ಮತ್ತೆ ಶುರುವಾಯಿತು, ಯಾರೂ ದೂಡಬೇಕಾಗಲಿಲ್ಲ ಎಂದು ಕೆಳಗೆ ಎರಡು ಗೆರೆ ಎಳೆದ.

ಈಗ ಅವರಿಬ್ಬರೂ ಊಟಕ್ಕೆ ಹೋಗಿದ್ದಾರೆ. ನಾನೊಬ್ಬಳೇ ಇದ್ದೇನೆ. ಕಿಟಕಿಯಲ್ಲಿ ದೂರಕ್ಕೆ ಸಮುದ್ರ ಕಾಣುತ್ತದೆ, ಕುರ್ಚಿಯನ್ನು ನಿನ್ನ ಕಡೆ ತಿರುಗಿಸಿಕೊಂಡೆ. ನಿನ್ನ ಸುತ್ತ ಇರುವ ಯಂತ್ರಗಳು ಸದ್ದು ಮಾಡುತ್ತವಂತೆ, ನನಗೆ ಅದೂ ಇಲ್ಲ. ನೀನು ಇದ್ದೀಯ ಎಂದು ತಿಳಿಯಲು ನನಗೆ ನೋಡುವುದೊಂದೇ ದಾರಿ. ಆದ್ದರಿಂದ ನೋಡಿದೆ. ನಾನು ಹೊಲಿದ ಅಂಗಿ ಹಾಕಿದ್ದಾರೆ. ಅದರ ಎರಡನೇ ಗುಂಡಿ ಮೇಲೇಳುತ್ತದೆ, ಇಳಿಯುತ್ತದೆ.

ಎಣಿಸಬಾರದು ಎಂದುಕೊಂಡೆ. ಆಗಲೇ ಶುರುವಾಗಿತ್ತು. ನೂರಾಹತ್ತಕ್ಕೆ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡೆ. ನೂರ ಮೂವತ್ತಕ್ಕೆ ಮಂಚದ ಕಂಬಿ ಹಿಡಿದುಕೊಂಡೆ. ನರ್ಸು ಬಂದು ನನ್ನ ಮುಖ ನೋಡಿ ಏನೋ ಕೇಳಿದಳು, ಕೈ ಎತ್ತಿ ತಡಿ ಎಂದೆ. ನೂರ ಅರವತ್ತು. ಗುಂಡಿ ಇಳಿಯಿತು. ನಾನು ಕಣ್ಣು ಮುಚ್ಚಲಿಲ್ಲ ತೇಜು. ಗುಂಡಿ ಮೇಲೆದ್ದಿತು.

ನೂರ ಅರವತ್ತರ ಮುಂದೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಮತ್ತೆ ಒಂದು ಎಂದೆ, ನೀನು ಹೇಳುತ್ತಿದ್ದ ಹಾಗೆ.

ಎದ್ದ ಮೇಲೆ ಓದು. ನಾನು ಇಲ್ಲೇ ಕೂತು ನೋಡುತ್ತಿದ್ದೇನೆ.

ಅಕ್ಕ